ಬಾರ್ಬರಾಳ ಬಿಳಿ ಸೇವಂತಿಗೆ

ನನ್ನ ಗಂಡನ ಅಜ್ಜಿ ಗೆನೊವೆಫಾ ತಾರೀಖು ಹೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಅವರಿಗೆ ಎಲ್ಲಕ್ಕೂ ಹಬ್ಬವೇ ಗುರುತು. ಆಲೂಗಡ್ಡೆ ಯಾವಾಗ ಅಗೆಯಬೇಕು ಅಂದರೆ, "ಮಿಹಾವ್ ಸಂತನ ಹಬ್ಬದೊಳಗೆ." ಕಾಯೆತಾನ್, ಅಂದರೆ ನನ್ನ ಗಂಡ, ಹುಟ್ಟಿದ್ದು ಯಾವಾಗ ಅಂದರೆ, "ಮೂರು ರಾಜರ ಹಬ್ಬದ ಮಾರನೇ ದಿನ. ಬಾಗಿಲ ಮೇಲೆ ಬರೆದ ಸೀಮೆಸುಣ್ಣದ ಪುಡಿ ಇನ್ನೂ ಹೊಸ್ತಿಲ ಮೇಲೇ ಇತ್ತು." ತಮ್ಮ ಎಡಗೈ ಯಾಕೆ ಸೊಟ್ಟ ಅಂದರೆ, "ಈಸ್ಟರ್ ಆದ ಮೇಲೆ ಎಲ್ಲರೂ ನೀರೆರಚೋ ಒದ್ದೆ ಸೋಮವಾರ ಬರುತ್ತಲ್ಲ, ಆವತ್ತು ಜೆನೋಬಿಯಾ ಬೆನ್ನಿಗೆ ಒಂದು ಬಕೆಟ್ ನೀರು ಸುರಿಯೋಕೆ ಓಡಿದೆ, ಜಾರಿದೆ. ಆದ್ರೆ ಸುರಿದ ಮೇಲೇ ಬಿದ್ದೆ, ಅದನ್ನ ಬರ್ಕೋ." ಆಗ ಅವರಿಗೆ ಅರವತ್ತೆರಡು ವರ್ಷವಂತೆ. ನೀರು ಎರಚಿಸಿಕೊಂಡ ನಾದಿನಿ ಜೆನೋಬಿಯಾಗೆ ಅರವತ್ತು.

"ಬರ್ಕೋ" ಅಂತ ಅವರು ಅಣಕಿಸಿದ್ದು ಸುಮ್ಮನೆ ಅಲ್ಲ. ನಾನು ಎಲ್ಲವನ್ನೂ ಬರೆದಿಡುತ್ತಿದ್ದೆ. ಮಗು ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಯಾವ ಮಗ್ಗುಲಲ್ಲಿ ಕುಡಿಯಿತು, ಎಷ್ಟು ಸಲ ಸೀನಿತು, ಎಲ್ಲವೂ ಫೋನಿನಲ್ಲಿ. ನಾನು ವೂಚ್ ಪಟ್ಟಣದಲ್ಲಿ ಹುಟ್ಟಿ, ಅಲ್ಲೇ ಓದಿ, ನಾಲ್ಕನೇ ಮಹಡಿಯಲ್ಲಿ ಬೆಳೆದವಳು. ಮಕ್ಕಳನ್ನು ಸಾಕುವುದು ಪುಸ್ತಕ ಓದಿದರೆ ಬರುತ್ತದೆ ಅಂದುಕೊಂಡಿದ್ದೆ. ಓದಿದ್ದೇ ತಪ್ಪಾಯಿತು. ಮಗುವಿಗೆ ಬರಬಹುದಾದ ಕಾಯಿಲೆಗಳೆಲ್ಲ ಬಾಯಿಪಾಠವಾದವು, ನಿದ್ದೆ ಮಾತ್ರ ಹಾರಿಹೋಯಿತು.

ಆ ವರ್ಷ ಜುಲೈ ಮಧ್ಯದಲ್ಲಿ ಯಾಗ್ನಾ ಹುಟ್ಟಿದಳು. ವೂಚ್‌ನ ನಮ್ಮ ಮನೆಯ ಗೋಡೆಗಳಿಗೆ ತೇವ ಹಿಡಿದು ರಿಪೇರಿಗೆ ಬಿಚ್ಚಿಟ್ಟಿದ್ದರು. ಕಾಯೆತಾನ್‌ಗೆ ವಾರ್ಸಾದಲ್ಲಿ ಕ್ರೇನ್ ಕೆಲಸ, ಸೋಮವಾರ ಹೋದರೆ ಶುಕ್ರವಾರ ಸಂಜೆ ಬರುತ್ತಿದ್ದ. "ಚಳಿಗಾಲ ಕಳೆಯೋವರೆಗೆ ಓಸಿನಿಯಲ್ಲಿ ಅಜ್ಜಿ ಜೊತೆ ಇದ್ದುಬಿಡು" ಅಂದ. ಹಾಗೆ ಹದಿನೈದು ದಿನದ ಕೂಸನ್ನು ಎತ್ತಿಕೊಂಡು ಆ ಹಳ್ಳಿಗೆ ಹೋದೆ. ಬಾಗಿಲಲ್ಲಿ ನಿಂತಿದ್ದರು ಅಜ್ಜಿ. ಗಿಡ್ಡ ದೇಹ, ತಲೆಗೆ ಹೂವಿನ ವಸ್ತ್ರ, ಬಲಗೈ ಹೆಬ್ಬೆರಳಿನ ಉಗುರು ಹಸಿರು. ಮೂವತ್ತು ವರ್ಷ ಆ ಊರಿನ ಶಾಲೆಯ ಅಡುಗೆಮನೆಯಲ್ಲಿ ಸೂಪು ಕುದಿಸಿದವರು. ಊರಿನಲ್ಲಿ ಅವರ ಕೈಯ ಸೂಪು ಕುಡಿಯದವರಿಲ್ಲ. ಚರ್ಚಿನ ಪಾದ್ರಿಗೇ ಒಂದು ಸಲ, "ಇಷ್ಟುದ್ದ ಉಪದೇಶ ಮಾಡ್ತೀಯಲ್ಲ, ಬೀಟ್ರೂಟ್ ಸೂಪು ಯಾವತ್ತಾದ್ರೂ ಪೂರ್ತಿ ಕುಡಿದಿದ್ಯಾ ನೀನು?" ಅಂದಿದ್ದರು. ಪಾದ್ರಿಯ ಮುಖ ಕೆಂಪಾಯಿತು.

ನನಗೂ ಮಗುವಿಗೂ ಕೊಟ್ಟ ಕೋಣೆ ಮನೆಯ ದಕ್ಷಿಣದ ಮೂಲೆ. ಕಿಟಕಿಯಿಂದ ನಾಲ್ಕು ಹೆಜ್ಜೆಗೆ ಒಂದು ಗಾಜಿನ ಮನೆ. ಹಳೆಯ ಶಾಲೆ ಕೆಡವಿದಾಗ ಬಿಸಾಡಿದ ಕಿಟಕಿಗಳನ್ನು ತಂದು, ತೀರಿಹೋದ ಅಜ್ಜ ಕಟ್ಟಿದ್ದಂತೆ. ಒಳಗೆ ಸಾಲುಸಾಲು ಹಸಿರು ಗಿಡ. ಒಂದು ವಾರ ನೋಡಿ ನೋಡಿ ಕೇಳಿದೆ.

"ಅಜ್ಜಿ, ಅವು ಯಾವ ಗಿಡ?"

"ಸೇವಂತಿಗೆ ಕಣೇ. ಇನ್ಯಾವುದು?"

ನಮ್ಮಲ್ಲಿ ಸೇವಂತಿಗೆ ಸಮಾಧಿಯ ಹೂವು. ಸಕಲ ಸಂತರ ದಿನ, ನವೆಂಬರ್ ಒಂದನೇ ತಾರೀಖು, ಇಡೀ ದೇಶ ಅದನ್ನು ಎತ್ತಿಕೊಂಡು ಸ್ಮಶಾನಕ್ಕೆ ಹೋಗುತ್ತದೆ. ಬಾಣಂತಿ ಮನೆಗೆ ಅದನ್ನು ತಂದವರನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸುತ್ತಾರೆ.

"ಮಗುವಿನ ಕಿಟಕಿ ಪಕ್ಕದಲ್ಲೇನಾ?" ಅಂದೆ.

"ನಿನ್ನ ಮಗು ಬಂದಿದ್ದು ಮೊನ್ನೆ. ಅವು ಐವತ್ತು ವರ್ಷದಿಂದ ಅಲ್ಲೇ ಇವೆ. ಯಾರ ಪಕ್ಕಕ್ಕೆ ಯಾರು ಬಂದಿದ್ದು, ನೀನೇ ಹೇಳು."

ತೊಟ್ಟಿಲನ್ನು ಗೋಡೆ ಕಡೆಗೆ ತಿರುಗಿಸಿದೆ.

ಆ ಗಾಜಿನ ಮನೆಯಲ್ಲಿ ಮೂರು ಸಾಲು. ಆಚೆಯ ಎರಡರಲ್ಲಿ ಕಂದು, ಹಳದಿಯ ಸಣ್ಣ ಹೂವಿನ ಗಿಡಗಳು. ಅವು ಗಂಡನಿಗೆ, ಅಪ್ಪ ಅಮ್ಮನಿಗೆ, ಯಾರೂ ಬಾರದ ಅಕ್ಕಪಕ್ಕದ ಸಮಾಧಿಗಳಿಗೆ. ನಮ್ಮ ಕಿಟಕಿಯ ಕಡೆಯ ಸಾಲಿನಲ್ಲಿ ಮಾತ್ರ ಎಂಟು ಗಿಡ, ದೊಡ್ಡ ಬಿಳಿ ಹೂವಿನ ಜಾತಿ. ಮನೆಯ ಗೋಡೆ ಚಳಿಗಾಳಿ ತಡೆಯಲಿ ಎಂದು ಅವುಗಳಿಗೆ ಆ ಜಾಗ. ಆಗಸ್ಟಿನ ಮಧ್ಯಾಹ್ನಗಳಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತು, ಬುಡದಲ್ಲಿ ಚಿಗುರಿದ ಕವಲುಗಳನ್ನು ಹೆಬ್ಬೆರಳ ಉಗುರಿನಿಂದ ಚಿವುಟುತ್ತಿದ್ದರು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಿದ್ದೆ. ಆ ಎಲೆಯ ಕಹಿ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಆ ಮಧ್ಯಾಹ್ನಗಳೇ ಕಣ್ಣಮುಂದೆ ಬರುತ್ತವೆ.

"ಇದು ನನ್ನ ಅತ್ತೆ ಬಾರ್ಬರಾ ಅವರದು" ಅಂದರು ಒಂದು ದಿನ. "ಪ್ರತಿ ವಸಂತದಲ್ಲಿ ಹಳೇ ಬುಡದಿಂದ ಒಂದೊಂದು ತುಂಡು ಕತ್ತರಿಸಿ ನೆಡೋದು. ಹಾಗೆ ಬಂದಿರೋ ಗಿಡ. ಮದುವೆಯಾಗಿ ಬಂದ ದಿನ ನನ್ನ ಕೈ ನೋಡಿ ಅತ್ತೆ ಏನಂದ್ರು ಗೊತ್ತಾ? 'ಈ ಕೈಗೆ ಕೊಟ್ರೆ ಮುಳ್ಳುಗಿಡಾನೂ ಒಣಗುತ್ತೆ' ಅಂದ್ರು. ಮೂರು ವರ್ಷ ಕುಂಡ ಮುಟ್ಟೋಕೆ ಬಿಡಲಿಲ್ಲ. ಜೆನೋಬಿಯಾ ಮುಟ್ಟಬಹುದು, ಅವಳು ಮಗಳು. ನಾನು ಮುಟ್ಟೋ ಹಾಗಿಲ್ಲ."

"ಆಮೇಲೆ?"

"ಆಮೇಲೆ ಹಾಸಿಗೆ ಹಿಡಿದ್ರು. ಕೊನೇ ದಿನ ಜೆನೋಬಿಯಾನ ಕರೀಲಿಲ್ಲ, ನನ್ನ ಕರೆದ್ರು. 'ಗೆನ್ಯಾ, ನನ್ನ ಮೇಲೆ ಕೊಂಡ ಹೂ ಇಡಬೇಡ, ನನ್ನ ಗಿಡದ್ದೇ ಇಡು' ಅಂದ್ರು. ಅಷ್ಟೇ. ಕ್ಷಮಿಸು ಅಂತ ಏನೂ ಅನ್ನಲಿಲ್ಲ. ಕುಂಡ ಕೊಟ್ರು."

"ಮಗಳನ್ನ ಬಿಟ್ಟು ನಿಮಗ್ಯಾಕೆ ಕೊಟ್ರು?"

"ಜೆನೋಬಿಯಾ ಎಂಥ ಸೋಮಾರಿ ಅಂತ ಹೆತ್ತ ತಾಯಿಗೆ ಗೊತ್ತಿರಲ್ವಾ?" ಎಂದು ಉಗುರು ಒರೆಸಿಕೊಂಡು ನಕ್ಕರು. ನಗು ನಿಂತ ಮೇಲೆ ಗಿಡವನ್ನೇ ನೋಡುತ್ತ, "ಐವತ್ತು ಸಕಲ ಸಂತರ ದಿನ ಇಟ್ಟಿದ್ದೀನಿ ಲಿದ್ಕಾ. ಒಂದು ವರ್ಷಾನೂ ತಪ್ಪಿಸಿಲ್ಲ. ಇದು ಐವತ್ತೊಂದನೇದು" ಅಂದರು.

ಜೆನೋಬಿಯಾ ಅದೇ ಊರಿನ ಇನ್ನೊಂದು ತುದಿಯಲ್ಲಿ ಇದ್ದಳು. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಾಯಿಯ ಸಮಾಧಿಗೆ ಹೋಗಿ, ಅತ್ತಿಗೆ ಇಟ್ಟ ಹೂವು ಬಾಡಿದೆಯಾ, ಚಿಕ್ಕದಾಯಿತಾ, ಬಿಳಿಯೋ ಮಾಸಲೋ ಎಂದು ಬಗ್ಗಿ ನೋಡುತ್ತಿದ್ದಳಂತೆ. ಐವತ್ತು ವರ್ಷ ಬಗ್ಗಿ ಏನೂ ಸಿಕ್ಕಿರಲಿಲ್ಲ. "ಅದಕ್ಕೇ ಅವಳ ಬೆನ್ನು ಬಾಗಿರೋದು" ಎಂದು ಅಜ್ಜಿ ಹೇಳುತ್ತಿದ್ದರು.

ಆಗಸ್ಟ್ ಹದಿನೈದು, ಮಾತೆ ಮರಿಯಳ ಹಬ್ಬ. ಅಜ್ಜಿ ಗದ್ದೆಯ ತೆನೆ, ಪುದೀನ, ಗಸಗಸೆ ಕಾಯಿ, ಹೆಸರು ಗೊತ್ತಿಲ್ಲದ ಹತ್ತಾರು ಸೊಪ್ಪು ಸೇರಿಸಿ ಕಟ್ಟು ಕಟ್ಟಿ, ಚರ್ಚಿನಲ್ಲಿ ಮಂತ್ರಿಸಿ ತಂದು ಯಾಗ್ನಾಳ ತೊಟ್ಟಿಲ ಮೇಲೆ ನೇತುಹಾಕಿದರು. ಸಿಡಿಲಿಗೂ ಕೆಟ್ಟ ಕಣ್ಣಿಗೂ ಅದೇ ಮದ್ದು. ನನಗೆ ಕಂಡಿದ್ದು ಅದರಿಂದ ಉದುರುವ ಧೂಳು. ಮಾರನೇ ದಿನ ಯಾಗ್ನಾ ಎರಡು ಸಲ ಸೀನಿದಳು, ಮೂರನೇ ಸೀನಿಗೆ ಕಟ್ಟು ಕೆಳಗೆ ಬಂತು. ಧೂಳು ಎಂದ ಮೇಲೆ ಕಿಟಕಿಯ ಪರದೆಗಳು ಕಣ್ಣಿಗೆ ಬಿದ್ದವು. ದಪ್ಪ ಉಣ್ಣೆಯವು, ಅಜ್ಜಿಯ ಕಾಲದವು, ಕಡುನೀಲಿ. ಕುರ್ಚಿ ಹತ್ತಿ ಅವನ್ನೂ ಬಿಚ್ಚಿಬಿಟ್ಟೆ. ಅಜ್ಜಿ ಬಂದು ಬರಿಗಿಟಕಿ ನೋಡಿದರು. ಸೊಪ್ಪಿನ ಕಟ್ಟನ್ನು ಅಡುಗೆಮನೆಯ ದೇವರ ಪಟದ ಹಿಂದೆ ಸಿಕ್ಕಿಸಿ, ಪರದೆಗಳನ್ನು ಮಡಿಚಿ ಕರ್ಪೂರದ ಗುಳಿಗೆ ಇಟ್ಟು ಪೆಟ್ಟಿಗೆಗೆ ಹಾಕಿದರು.

ದೀಪದ ವಿಷಯ ಹೇಳಬೇಕು. ಕತ್ತಲಾದ ಮೇಲೆ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎನ್ನುವ ಭಯ ನನ್ನನ್ನು ಹಿಡಿದುಬಿಟ್ಟಿತ್ತು. ಎದೆಯ ಏರಿಳಿತ ಕಾಣುತ್ತಲೇ ಇರಬೇಕಿತ್ತು. ಅದಕ್ಕೆ ಕಿಟಕಿಯ ಕಟ್ಟೆ ಮೇಲೆ ಒಂದು ದೊಡ್ಡ ಟೇಬಲ್ ಲ್ಯಾಂಪ್ ಇಟ್ಟುಕೊಂಡೆ. ಸಂಜೆ ಹೊತ್ತಿಸಿದರೆ ಬೆಳಗಾದ ಮೇಲೇ ಆರಿಸುತ್ತಿದ್ದೆ. ಆಗಸ್ಟ್ ಹೀಗೇ ಕಳೆಯಿತು, ಸೆಪ್ಟೆಂಬರ್ ಬಂತು.

ಸೆಪ್ಟೆಂಬರ್ ಎಂಟು, ಬಿತ್ತನೆಯ ಮಾತೆಯ ಹಬ್ಬ. ಚರ್ಚಿನಿಂದ ಬಂದ ಅಜ್ಜಿ ಕೋಟನ್ನೂ ಬಿಚ್ಚದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಲಿದ್ಕಾ, ಪರದೆ ಒಗೆದು, ಬಿಸಿಲಿಗೆ ಹಾಕಿ ಕೊಡ್ತೀನಿ. ಮತ್ತೆ ನೇತುಹಾಕ್ಲಾ?"

"ಬೇಡ ಅಜ್ಜಿ. ಒಗೆದ್ರೂ ಉಣ್ಣೆ ಉಣ್ಣೇನೇ. ಧೂಳು."

"ದೀಪಾನಾದ್ರೂ ಸ್ವಲ್ಪ ಈ ಕಡೆ, ಕಪಾಟಿನ ಮೇಲೆ ಇಟ್ಕೊಂಡ್ರೆ?"

"ಅಲ್ಲಿಂದ ಮಗು ಮುಖ ಕಾಣಲ್ಲ. ನಿಮಗೆ ಅರ್ಥ ಆಗಲ್ಲ ಅಜ್ಜಿ, ನಿಮ್ಮ ಕಾಲ ಬೇರೆ" ಅಂದೆ. ಅಳು ಬಂದುಬಿಟ್ಟಿತು. ಆಗ ನನಗೆ ಯಾವುದಕ್ಕೂ ಅಳು ಬರುತ್ತಿತ್ತು.

ಅಜ್ಜಿ ನನ್ನನ್ನು ನೋಡಿದರು. ನನ್ನ ಹೆಗಲಾಚೆ ಕಿಟಕಿಯನ್ನು ನೋಡಿದರು. "ಸರಿ ಮಗಳೇ, ಇರಲಿ" ಅಂದರು. ಒಳಗೆ ಹೋಗಿ ಸೂಪು ಬಿಸಿ ಮಾಡಿ ತಂದುಕೊಟ್ಟರು. ದೀಪದ ಮಾತನ್ನು ಮತ್ತೆ ಎತ್ತಲಿಲ್ಲ.

ಅಕ್ಟೋಬರಿನ ಮೊದಲ ಶನಿವಾರ ಕಾಯೆತಾನ್ ಬಂದಾಗ ಚಳಿ ಶುರುವಾಗಿತ್ತು. ತೊಟ್ಟಿಲನ್ನೂ ನನ್ನನ್ನೂ ಒಲೆಯ ಪಕ್ಕದ ಕೋಣೆಗೆ ಸಾಗಿಸಿದ. ದೀಪವೂ ನಮ್ಮ ಜೊತೆ ಬಂತು. ಮೂಲೆ ಕೋಣೆ ಕತ್ತಲಾಯಿತು.

ಎರಡು ವಾರದ ಮೇಲೆ ಜೆನೋಬಿಯಾ ಬಂದಳು. ಮಗು ನೋಡುವ ನೆಪ. ಮಗುವಿನ ಕೆನ್ನೆಗೆ ಒಂದು ಬೆರಳು ತಾಗಿಸಿ ನೇರ ಗಾಜಿನ ಮನೆಗೇ ನಡೆದಳು. ನಾನೂ ಹಿಂದೆ ಹೋದೆ. ಆಚೆಯ ಎರಡು ಸಾಲು ಮೊಗ್ಗು ಬಿರಿದು ಬಣ್ಣ ತೋರಿಸುತ್ತಿದ್ದವು. ಕಿಟಕಿ ಪಕ್ಕದ ಸಾಲು ಮಾತ್ರ ಹಸಿರೋ ಹಸಿರು. ಎದೆಯೆತ್ತರ ಬೆಳೆದು, ಕೊಬ್ಬಿ, ಒಂದೇ ಒಂದು ಮೊಗ್ಗಿಲ್ಲದೆ ನಿಂತಿತ್ತು.

"ಅಯ್ಯೋ ಅತ್ತಿಗೆ!" ಎಂದು ಜೆನೋಬಿಯಾ ಕೆನ್ನೆಗೆ ಕೈಯಿಟ್ಟಳು. ಕೈಯ ಹಿಂದೆ ತುಟಿ ನಗುತ್ತಿತ್ತು. "ಅಮ್ಮನ ಹೂ ಎಲ್ಲಿ? ಈ ಸಲ ಕೋಸು ಬೆಳೆದಿದ್ದೀರಾ?"

"ಕೋಸಾದ್ರೆ ನಿನಗೂ ಒಂದು ಕೊಡ್ತೀನಿ, ಪಲ್ಯ ಮಾಡ್ಕೋ" ಅಂದರು ಅಜ್ಜಿ.

"ನಗಬೇಡಿ. ಇನ್ನು ಎರಡು ವಾರ ಇದೆ. ಐವತ್ತು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ಕೊಂಡ ಹೂ ಇಡಲ್ಲ ಅಂತ? ಈಗ ಸಂತೇಲಿ ಕೊಂಡು ತರ್ತೀರೋ, ಬರಿಗೈಲಿ ಬರ್ತೀರೋ? ನಾನಂತೂ ನೋಡೋಕೆ ಬರ್ತೀನಿ."

"ಬಾ. ನೀನು ಬರದಿದ್ರೆ ಅದು ಸಂತರ ದಿನ ಹೇಗಾಗುತ್ತೆ?"

ಬಾಯಿ ಗಟ್ಟಿಯೇ ಇತ್ತು. ಆದರೆ ಜೆನೋಬಿಯಾ ಹೋದ ಮೇಲೆ ಅಜ್ಜಿ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು. ಚಿವುಟಲು ಏನೂ ಇರಲಿಲ್ಲ. ಆದರೂ ಹೆಬ್ಬೆರಳು ಆಡುತ್ತಲೇ ಇತ್ತು. ನನಗೆ ನೋಡಲಾಗಲಿಲ್ಲ.

ಮಾರನೇ ದಿನ ಯಾಗ್ನಾಳನ್ನು ಗಾಡಿಯಲ್ಲಿ ತಳ್ಳಿಕೊಂಡು ವಲೆಂತಿ ಅವರ ತೋಟಕ್ಕೆ ಹೋದೆ. ಸೇವಂತಿಗೆಯನ್ನು ಸಾವಿರಗಟ್ಟಲೆ ಬೆಳೆದು ಪಟ್ಟಣಕ್ಕೆ ಕಳಿಸುವ ಮನುಷ್ಯ. ಬಾರ್ಬರಾಳ ಹೂವಿನಂಥದ್ದೇ ಬಿಳಿ ಹೂವು ಎರಡು ಕುಂಡ ಕೊಳ್ಳುವುದು, ಯಾರಿಗೂ ಗೊತ್ತಾಗದಂತೆ ಗಾಜಿನ ಮನೆಯಲ್ಲಿ ಇಡುವುದು, ಇದು ನನ್ನ ಯೋಜನೆ. ಪಟ್ಟಣದ ಬುದ್ಧಿ.

"ಗೆನೊವೆಫಾ ಅವರ ಬಿಳಿ ಹೂ ಆಗಲಿಲ್ವಾ?" ವಲೆಂತಿ ನಂಬಲಿಲ್ಲ. "ಗೊಬ್ಬರ ಜಾಸ್ತಿ ಆಯ್ತಾ? ಇಲ್ಲ, ಅವರು ಹಾಗೆ ಮಾಡೋರಲ್ಲ. ಹತ್ತಿರ ಬೆಳಕು ಏನಾದ್ರೂ ಇದೆಯಾ?"

"ಬೆಳಕಾ?"

"ಸೇವಂತಿಗೆಗೆ ಉದ್ದ ಕತ್ತಲು ಬೇಕು ತಾಯಿ. ಆಗಸ್ಟ್ ಕೊನೆಯಿಂದ ರಾತ್ರಿ ದೊಡ್ಡದಾಗ್ತಾ ಹೋಗುತ್ತಲ್ಲ, ಆ ಕತ್ತಲು ನೋಡಿಯೇ ಅದು ಮೊಗ್ಗು ಹಿಡಿಯೋದು. ಕತ್ತಲಲ್ಲಿ ಬೆಳಕು ಬಿದ್ರೆ ಇನ್ನೂ ಬೇಸಿಗೆ ಅಂದ್ಕೊಂಡು ಎಲೆ ಬಿಡ್ತಾನೇ ಇರುತ್ತೆ. ಹೋದ ವರ್ಷ ರಸ್ತೇಲಿ ಒಂದು ದೀಪದ ಕಂಬ ನೆಟ್ರು, ನಂದು ಒಂದು ಸಾಲು ಪೂರ್ತಿ ಹೋಯ್ತು. ಇದು ಬೆಳೆಯೋರಿಗೆಲ್ಲ ಗೊತ್ತಿರೋ ವಿಷಯ. ಗೆನೊವೆಫಾ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ನನಗೆ ಹೇಳಿಕೊಟ್ಟಿದ್ದೇ ಅವರು."

ಗಾಡಿಯ ಹಿಡಿ ಹಿಡಿದುಕೊಂಡು ನಿಂತುಬಿಟ್ಟೆ. ಕಿಟಕಿ ಕಟ್ಟೆಯ ಮೇಲಿನ ದೀಪ, ಬಿಚ್ಚಿದ ಪರದೆ, ಬಾಗಿಲಲ್ಲಿ ಕೋಟು ಬಿಚ್ಚದೆ ನಿಂತ ಅಜ್ಜಿ. ಒಂದಾದ ಮೇಲೊಂದು ಬಂದು ನನ್ನ ಮುಂದೆ ಕೂತವು. ಕುಂಡ ಕೊಳ್ಳದೆ ಹಿಂದಕ್ಕೆ ಬಂದೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಗಾಡಿ ಕುಲುಕಿ ಯಾಗ್ನಾಗೆ ಒಳ್ಳೆಯ ನಿದ್ದೆ.

ಅಜ್ಜಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು.

"ಅಜ್ಜಿ, ನಿಮಗೆ ಗೊತ್ತಿತ್ತು."

"ಏನು?"

"ನನ್ನ ದೀಪ. ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ? ಒಂದು ಮಾತು, 'ಲಿದ್ಕಾ, ಹೂ ಹಾಳಾಗುತ್ತೆ' ಅಂದಿದ್ರೆ..."

"ಅಂದಿದ್ರೆ ಏನು ಮಾಡ್ತಿದ್ದೆ?"

"ಆರಿಸ್ತಿದ್ದೆ!"

"ಆರಿಸಿ?" ಅವರು ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಕತ್ತಲಲ್ಲಿ ಕಣ್ಣು ಬಿಟ್ಕೊಂಡು, ಮಗು ಮೂಗಿನ ಹತ್ರ ಬೆರಳು ಹಿಡ್ಕೊಂಡು ಬೆಳಗಾಗೋವರೆಗೆ ಕೂತಿರ್ತಿದ್ದೆ. ನಾನು ನೋಡಿಲ್ವಾ ನಿನ್ನ? ಸುಣ್ಣದ ಹಾಗೆ ಬಿಳಿಚಿದ್ದೆ. ಎರಡು ಸಲ ಕೇಳಿದೆ, ಪರದೆ ಒಂದು ಸಲ, ಕಪಾಟು ಒಂದು ಸಲ. ನೀನು ಅತ್ತುಬಿಟ್ಟೆ. ಹೂವಿನ ವಿಷಯ ಹೇಳಿದ್ರೆ ಅದಕ್ಕೂ ಅಳ್ತಿದ್ದೆ. ಹಾಲು ಬತ್ತಿಹೋಗ್ತಿತ್ತು."

"ಆದ್ರೆ ಐವತ್ತು ವರ್ಷ ಅಜ್ಜಿ..."

"ಹೂಂ" ಅಂದರು. ಸ್ವಲ್ಪ ಹೊತ್ತು ಹಿಟ್ಟನ್ನು ಗುದ್ದಿದರು. ಆಮೇಲೆ ಮೆಲ್ಲಗೆ, "ನೋವಾಗ್ಲಿಲ್ಲ ಅನ್ನಲ್ಲ. ಆಯ್ತು. ಮೊದಲು ಆ ಸಾಲಿನ ಗಾಜಿಗೆ ಕಪ್ಪು ಬಟ್ಟೆ ಕಟ್ಟೋಣ ಅಂತ ಹೋದೆ. ಈ ಸೊಟ್ಟ ಕೈ ಮೇಲಕ್ಕೆ ಎತ್ತೋಕಾಗಲ್ಲ. ಏಣಿ ಹತ್ತಿ ಬಿದ್ದಿದ್ರೆ, ಬಾಣಂತಿ ನೀನು ಮಗೂನೂ ನನ್ನೂ ಇಬ್ಬರನ್ನ ನೋಡ್ಕೋಬೇಕಾಗ್ತಿತ್ತು" ಎಂದರು.

ಎರಡು ಕುಂಡ ಕೊಂಡು ತರಲೆಂದು ಹೋಗಿದ್ದೆ ಎಂಬುದನ್ನೂ ಹೇಳಿಬಿಟ್ಟೆ. ಅವರು ತಲೆಯೆತ್ತಿ ನೋಡಿದರು. "ತಂದಿದ್ರೆ ಜೆನೋಬಿಯಾಗೆ ಗೊತ್ತಾಗ್ತಿರಲಿಲ್ಲ. ಅತ್ತೆಗೆ ಗೊತ್ತಾಗ್ತಿತ್ತು" ಅಂದರು. "ತರದಿದ್ದಿದ್ದು ಒಳ್ಳೇದಾಯ್ತು."

ಸಕಲ ಸಂತರ ದಿನ ಬೆಳಿಗ್ಗೆ ಮಂಜು. ಹಿಂದಿನ ದಿನವೇ ಸಮಾಧಿಗಳನ್ನು ಸೋಪು ಹಾಕಿ ಉಜ್ಜಿ, ಎಲೆ ಗುಡಿಸಿ, ಫರ್ ಮರದ ರೆಂಬೆ ಹಾಸಿದ್ದೆವು. ಸ್ಮಶಾನದ ದಾರಿಯಲ್ಲಿ ಅರ್ಧ ಮೈಲಿ ಕಾರು ಸಾಲು. ವಾರ್ಸಾದಿಂದ, ಕ್ರಾಕೂವ್‌ನಿಂದ ಬಂದ ಮಕ್ಕಳು, ಮೊಮ್ಮಕ್ಕಳು. ಗೇಟಿನ ಬಳಿ ಹಗ್ಗಕ್ಕೆ ಪೋಣಿಸಿದ ಬಳೆ ಬ್ರೆಡ್ಡು ಮಾರುವವರು. ಗಾಜಿನ ದೀಪಗಳನ್ನು ತುಂಬಿದ ಚೀಲಗಳ ಠಣಠಣ ಸದ್ದು. ವರ್ಷಕ್ಕೊಮ್ಮೆ ಸಿಗುವ ಜನ ಸಮಾಧಿಗಳ ನಡುವೆ ನಿಂತು, ಯಾರು ದಪ್ಪಗಾದರು ಯಾರು ಕಾರು ಕೊಂಡರು ಎಂದು ಪಿಸುಗುಟ್ಟುತ್ತಿದ್ದರು. ಕಾಯೆತಾನ್ ತೋಳಲ್ಲಿ ಕಂದು, ಹಳದಿ ಕುಂಡಗಳು. ನನ್ನ ಎದೆಗೆ ಕಟ್ಟಿಕೊಂಡ ಯಾಗ್ನಾ. ಅಜ್ಜಿ ಎರಡು ಕೈಯಲ್ಲೂ ತಬ್ಬಿಕೊಂಡಿದ್ದು ಒಂದೇ ಕುಂಡ. ಕಿಟಕಿ ಪಕ್ಕದ ಸಾಲಿನದು. ತುದಿಯಲ್ಲಿ ಕೊತ್ತಂಬರಿ ಬೀಜದಷ್ಟು ಹಸಿರು ಮೊಗ್ಗು ಮಾತ್ರ ಬಂದಿತ್ತು.

ಬಾರ್ಬರಾಳ ಸಮಾಧಿಯ ಬಳಿ ಜೆನೋಬಿಯಾ ಆಗಲೇ ನಿಂತಿದ್ದಳು. ಅವಳ ಹಿಂದೆ ಅವಳ ಮಗಳು, ಅಳಿಯ, ಇನ್ನೂ ನಾಲ್ಕು ಜನ ಊರ ಹೆಂಗಸರು. ಸುದ್ದಿ ಹಬ್ಬಿತ್ತು.

ಅಜ್ಜಿ ಯಾರನ್ನೂ ನೋಡಲಿಲ್ಲ. ಬಗ್ಗಿ ಕುಂಡವನ್ನು ಕಲ್ಲಿನ ನಡುವೆ ಇಟ್ಟರು. ಶಿಲುಬೆ ಗುರುತು ಮಾಡಿಕೊಂಡರು.

"ಎಲೆ ತಂದಿದ್ದೀರಾ ಅತ್ತಿಗೆ?" ಜೆನೋಬಿಯಾ ಎಲ್ಲರಿಗೂ ಕೇಳುವಂತೆ ಅಂದಳು.

ನನಗೆ ತಡೆಯಲಾಗಲಿಲ್ಲ. "ತಪ್ಪು ನನ್ನದು. ನನ್ನ ದೀಪದಿಂದ..." ಎಂದು ಶುರುಮಾಡಿದೆ. ಅಜ್ಜಿ ನನ್ನ ಮೊಣಕೈ ಹಿಡಿದು ಒತ್ತಿದರು.

"ಜೆನೋಬಿಯಾ, ಈ ಮನೇಲಿ ಈ ವರ್ಷ ಒಂದು ಕೂಸು ಬಂತು" ಅಂದರು. "ಅದಕ್ಕೆ ದೀಪ ಬೇಕಿತ್ತು, ಇದಕ್ಕೆ ಕತ್ತಲು ಬೇಕಿತ್ತು. ಎರಡೂ ಕೊಡೋಕಾಗಲಿಲ್ಲ. ನಿನ್ನ ಅಮ್ಮ ಇದ್ದಿದ್ರೆ ಯಾವುದು ಕೊಡ್ತಿದ್ರು? ನೀನೇ ಹೇಳು, ನೀನು ಮಗಳು."

ಜೆನೋಬಿಯಾ ಯಾಗ್ನಾಳ ಕಡೆ ನೋಡಿದಳು. ಮಗು ಅದೇ ಹೊತ್ತಿಗೆ ದೊಡ್ಡದಾಗಿ ಆಕಳಿಸಿತು. ಜೆನೋಬಿಯಾ ತನ್ನ ಚೀಲದಿಂದ ಒಂದು ಗಾಜಿನ ದೀಪ ತೆಗೆದಳು; ಹೊತ್ತಿಸಲು ಹೋದರೆ ಗಾಳಿಗೆ ಕಡ್ಡಿ ಆರುತ್ತಿತ್ತು. ಅಜ್ಜಿ ಎರಡು ಕೈ ಬಟ್ಟಲು ಮಾಡಿ ಅಡ್ಡ ಹಿಡಿದರು.

"ಅಮ್ಮ ಬೈತಿದ್ರು" ಅಂದಳು ಜೆನೋಬಿಯಾ, ದೀಪ ಹೊತ್ತಿದ ಮೇಲೆ. "ಇಬ್ಬರನ್ನೂ."

"ಬೈದ ಮೇಲೆ ಮಗೂನ ಎತ್ಕೋತಿದ್ರು" ಅಂದರು ಅಜ್ಜಿ.

ಪಾದ್ರಿ ಬಂದು ಆ ವರ್ಷ ಸತ್ತವರ ಹೆಸರು ಓದಿದರು. ಸಂಜೆಯಾಗುವ ಹೊತ್ತಿಗೆ ಸ್ಮಶಾನ ಪೂರ್ತಿ ದೀಪ. ದೂರದ ರಸ್ತೆಯಿಂದ ನೋಡಿದರೆ ಮಂಜೇ ಕೆಂಪಾಗಿ ಉರಿಯುವಂತೆ ಕಂಡಿತು. ಬಿಳಿ ಹೂಗಳ ನಡುವೆ ಬಾರ್ಬರಾಳ ಕಲ್ಲು ಒಂದೇ ಹಸಿರಾಗಿತ್ತು. ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು. ಅಜ್ಜಿ ಮಾತ್ರ ಬಳೆ ಬ್ರೆಡ್ಡು ಮುರಿದು ತಿನ್ನುತ್ತ ನಡೆದರು.

ಉಳಿದ ಏಳು ಗಿಡಗಳಲ್ಲಿ ಒಂದನ್ನು ಕುಂಡಕ್ಕೆ ಹಾಕಿ ಅಡುಗೆಮನೆಯ ಕಿಟಕಿಗೆ ತಂದರು. ಮಿಕ್ಕವನ್ನು ಹಿಮ ಬೀಳುವ ಮುಂಚೆ ಬುಡಕ್ಕೆ ಕತ್ತರಿಸಿ ನೆಲಮಾಳಿಗೆಗೆ ಇಳಿಸಿದರು. ನವೆಂಬರ್ ಹನ್ನೊಂದರ ಸ್ವಾತಂತ್ರ್ಯದ ದಿನ ಊರಿನಲ್ಲಿ ಬಾವುಟ ಹಾರಿತು, ಮಾರ್ಚಿನ್ ಸಂತನ ಹೆಸರಲ್ಲಿ ಬಾತುಕೋಳಿ ಬೆಂದಿತು. ಅಡುಗೆಮನೆಯ ಮೊಗ್ಗು ಬಟಾಣಿಯಷ್ಟಾಗಿತ್ತು. ಆಂದ್ರ್ಜೆಯ್ ಸಂತನ ಹಬ್ಬದ ಹಿಂದಿನ ಸಂಜೆ ಪಕ್ಕದ ಮನೆ ಹುಡುಗಿಯರು ನೀರಿನಲ್ಲಿ ಮೇಣ ಹುಯ್ದು ಮುಂದೆ ಸಿಗುವ ಗಂಡನ ಮುಖ ಹುಡುಕುವಾಗ, ಹಸಿರು ಸೀಳಿ ಬಿಳಿಯ ಗೆರೆ ಕಂಡಿತು. ಅಜ್ಜಿ ದಿನಕ್ಕೆ ಹತ್ತು ಸಲ ಅದರ ಹತ್ತಿರ ಹೋಗುತ್ತಿದ್ದರು, ಹೋಗಿಲ್ಲ ಎನ್ನುವಂತೆ ಪಾತ್ರೆ ಒರೆಸುತ್ತಿದ್ದರು.

ಡಿಸೆಂಬರ್ ನಾಲ್ಕು. ಬೆಳಿಗ್ಗೆ ಏಳುವ ಹೊತ್ತಿಗೆ ಹೊರಗೆ ಕೆಸರು, ತುಂತುರು ಮಳೆ.

"ಬಾರ್ಬರಾ ದಿನ ಕೆಸರು, ಕ್ರಿಸ್‌ಮಸ್‌ಗೆ ಹಿಮಗಡ್ಡೆ" ಎಂದು ಗಾದೆ ಹೇಳುತ್ತ ಕಿಟಕಿಯ ಬಳಿ ಹೋದ ಅಜ್ಜಿ ನಿಂತುಬಿಟ್ಟರು. "ಲಿದ್ಕಾ! ಬಾರೇ ಇಲ್ಲಿ!"

ಹೂವು ಪೂರ್ತಿ ಅರಳಿರಲಿಲ್ಲ. ಅರ್ಧ. ಹೊರಗಿನ ಎಸಳು ಬಿಚ್ಚಿ, ಒಳಗಿನವು ಇನ್ನೂ ಮುಷ್ಟಿ ಹಿಡಿದಿದ್ದವು.

"ಇವತ್ತು ಸಂತ ಬಾರ್ಬರಾ ಹಬ್ಬ, ಅತ್ತೆಯ ಹೆಸರಿನ ದಿನ" ಅಂದರು. ಅಜ್ಜಿಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ಜಗಳವಾಡುತ್ತಿತ್ತು. "ನೋಡು ಆ ಹೆಂಗಸಿನ ಹಟ! ಎಲ್ಲರ ಜೊತೆ ಬೇಡವಂತೆ, ತನ್ನೊಬ್ಬಳ ದಿನಕ್ಕೇ ಬೇಕಂತೆ. ಬದುಕಿದ್ದಾಗಲೂ ಹೀಗೇ. ಎಲ್ಲರ ಊಟ ಆದ ಮೇಲೆ ಕೂರೋದು, ಬಿಸಿ ಮಾಡಿ ಬಡಿಸು ಅನ್ನೋದು."

ಮಳೆ ನಿಲ್ಲುವುದನ್ನೂ ಕಾಯಲಿಲ್ಲ. ಯಾಗ್ನಾಳನ್ನು ನಾನು, ಕುಂಡವನ್ನು ಅವರು ಎತ್ತಿಕೊಂಡು ಹೊರಟೆವು. ಸ್ಮಶಾನದಲ್ಲಿ ಯಾರೂ ಇರಲಿಲ್ಲ. ನವೆಂಬರಿನ ಹೂಗಳೆಲ್ಲ ಹಿಮಕ್ಕೆ ಸುಟ್ಟು ಕಂದಾಗಿದ್ದವು, ಗಾಜಿನ ದೀಪಗಳಲ್ಲಿ ಮಳೆನೀರು ತುಂಬಿತ್ತು. ಅಷ್ಟರ ನಡುವೆ ಒಂದೇ ಒಂದು ಬಿಳಿ ಹೂವು. ಅಜ್ಜಿ ಕಲ್ಲನ್ನು ತಟ್ಟಿ, "ತಗೋ ಅತ್ತೆ. ಐವತ್ತೊಂದು" ಅಂದರು. ದಾರಿಯಲ್ಲಿ ಜೆನೋಬಿಯಾಳ ಮನೆ ಕದ ಬಡಿದು, "ಹೋಗಿ ಬಗ್ಗಿ ನೋಡ್ಕೊಂಡು ಬಾ" ಎಂದು ಹೇಳಿ, ಒಂದು ನಿಮಿಷವೂ ನಿಲ್ಲದೆ ಬಂದರು.

ಅಜ್ಜಿ ಹೋಗಿ ಎರಡು ಚಳಿಗಾಲ ಕಳೆದವು. ಮೇಣದಬತ್ತಿಯ ಮಾತೆಯ ಹಬ್ಬದ ವಾರದಲ್ಲಿ, ಮಂತ್ರಿಸಿದ ಮೇಣದಬತ್ತಿ ತಲೆಯ ಬಳಿ ಉರಿಯುತ್ತಿರುವಾಗ ಹೋದರು. ತಾರೀಖು ಫೋನಿನಲ್ಲಿದೆ, ನಾನು ನೋಡುವುದಿಲ್ಲ. ನಾವು ವೂಚ್‌ಗೆ ಮರಳಲೇ ಇಲ್ಲ. ಸಾಯುವ ಮುಂಚೆ ಅಜ್ಜಿ ಜೆನೋಬಿಯಾಳನ್ನು ಕರೆಯಲಿಲ್ಲ, ಕಾಯೆತಾನ್‌ನನ್ನೂ ಕರೆಯಲಿಲ್ಲ. "ಲಿದ್ಕಾ, ನೆಲಮಾಳಿಗೆಯಲ್ಲಿ ಬುಡ ಇವೆ. ಜೋರ್ಜಿ ಸಂತನ ಹಬ್ಬಕ್ಕೆ ತುಂಡು ನೆಡು" ಅಂದರು. ಅಷ್ಟೇ.

ಈಗ ನನ್ನ ಮಡಿಲಲ್ಲಿ ಎರಡನೆಯ ಮಗು. ಭಯ ಹೋಗಿಲ್ಲ, ದೀಪವೂ ಹೋಗಿಲ್ಲ. ಆಗಸ್ಟಿನಲ್ಲಿ ಸೊಪ್ಪಿನ ಕಟ್ಟನ್ನು ತೊಟ್ಟಿಲ ಮೇಲೆ ನಾನೇ ನೇತುಹಾಕುತ್ತೇನೆ, ಸೀನಿದರೆ ಸೀನಲಿ. ಪೆಟ್ಟಿಗೆಯಿಂದ ಕಡುನೀಲಿ ಪರದೆ ತೆಗೆದು ಒಗೆದು ಬಿಸಿಲಿಗೆ ಹಾಕಿ ಕಿಟಕಿಗೆ ಕಟ್ಟುತ್ತೇನೆ. ಕತ್ತಲಾದೊಡನೆ ಎಳೆಯುತ್ತೇನೆ. ಸಂತರ ದಿನಕ್ಕೆ ಬಾರ್ಬರಾಳಿಗೂ ಗೆನೊವೆಫಾಗೂ ಬಿಳಿ ಹೂವು ಹೋಗಬೇಕು. ಜೆನೋಬಿಯಾ ಈಗಲೂ ಬಗ್ಗಿ ನೋಡುತ್ತಾಳೆ, ಕೋಲು ಊರಿಕೊಂಡು.

ನಿನ್ನೆ ಸಂಜೆ ಪರದೆ ಎಳೆಯುವಾಗ ಯಾಗ್ನಾ ಕೇಳಿದಳು, "ಅಮ್ಮಾ, ಈ ಕಡೆ ಇಷ್ಟು ಯಾಕೆ ಬಿಟ್ಟೆ? ಪೂರ್ತಿ ಎಳಿ."

ಒಂದು ಗೇಣು ಜಾಗ ಬಿಟ್ಟಿದ್ದೆ. ಅಲ್ಲಿಂದ ದೀಪದ ಬೆಳಕು ಸಣ್ಣಗೆ ಹಾದು, ಸಾಲಿನ ಕೊನೆಯ ಒಂದೇ ಒಂದು ಗಿಡದ ಮೇಲೆ ಬೀಳುತ್ತದೆ. ಅಕ್ಟೋಬರಿನ ಮೊದಲ ವಾರದವರೆಗೆ ಹೀಗೇ ಬಿಡುತ್ತೇನೆ. ಆ ಗಿಡ ಎಲ್ಲದರ ಜೊತೆ ಅರಳುವುದಿಲ್ಲ.

"ಅದು ಬಾರ್ಬರಾ ದಿನಕ್ಕೆ" ಅಂದೆ.

"ಯಾರು ಹೇಳಿದ್ದು ಹಾಗೆ ಬಿಡ್ಬೇಕು ಅಂತ? ಪಾದ್ರಿನಾ?"

"ನೀನು ಹುಟ್ಟಿದ ವರ್ಷ ಶುರುವಾಗಿದ್ದು. ನಮ್ಮ ಮನೆ ಹಬ್ಬ ಅದು" ಅಂದೆ.